ಸಾವಿನ ಪಟದ ಇಸೊಹೆಯಿ
ಜಪಾನಿನ ಎಡೋ ನಗರದ ಕಬುಕಿ ನಾಟಕರಂಗದಲ್ಲಿ ಯಾವ ನಟ ಕೆಮ್ಮಿದರೂ ನಮ್ಮ ಪಟದಂಗಡಿ ಯಜಮಾನ ಇಸೊಹೆಯಿಗೆ ಹಬ್ಬ. ನಟ ಸತ್ತ ಮೇಲೆ ಅವನ ಪಟ ಅಚ್ಚುಹಾಕಿ ಮಾರುವುದು ರೂಢಿ. ಈ ರಣಹದ್ದಿಗೆ ಅಷ್ಟು ತಾಳ್ಮೆಯೆಲ್ಲಿ? "ಲೋ, ಈಗಲೇ ಅಚ್ಚಿನ ಹಲಗೆ ಕೆತ್ತಿಡು, ತಾರೀಖು ಮಾತ್ರ ಖಾಲಿ ಬಿಡು," ಅಂತ ನನ್ನ ಪ್ರಾಣ ಹಿಂಡುತ್ತಾನೆ. ನಟ ಚೇತರಿಸಿಕೊಂಡರೋ, "ಬದುಕ್ಕೊಂಡನಲ್ಲೋ ಮನೆಹಾಳ! ಹಲಗೆ ದಂಡ!" ಅಂತ ಎದೆ ಬಡಿದುಕೊಳ್ಳುತ್ತಾನೆ. ಯಾವ ಪಾತ್ರದಲ್ಲಿ ಯಾರ ಹುಬ್ಬು ಎಷ್ಟು ಏರುತ್ತದೆಂದು ನಿದ್ದೆಯಲ್ಲೂ ಹೇಳುವ ಈ ಮನುಷ್ಯ, ಮೊನ್ನೆ ಹೆಂಡತಿ ಒನುಯಿ ತೀರಿಕೊಂಡಾಗ ಅವಳ ಪಟ ಕೆತ್ತಲು ಹೇಳಿದ. "ಅಮ್ಮಾವ್ರ ಮೂಗು ಹೇಗಿತ್ತು ಯಜಮಾನ್ರೇ?" ಅಂದೆ. ಗೋಡೆಯ ಮೇಲಿನ ನಟರ ಪಟಗಳತ್ತ ಕಣ್ಣಾಡಿಸಿದ. "ಹೆಣ್ಣುವೇಷದ ಸೆಂಗಿಕು ಇದ್ದಾನಲ್ಲ, ಅವನ ಹಾಗೇ ಕೆತ್ತು." ದಿನಾ ನನಗೆ ಚಹಾ ಕೊಟ್ಟ ಆ ತಾಯಿಯ ತುಟಿ ಕೆಳಗಿನ ಮಚ್ಚೆಯನ್ನಾದರೂ ಹಲಗೆಯಲ್ಲಿ ಉಳಿಸಿದ್ದೆ. ನೋಡಿ ಸಿಡುಕಿದ: "ಕೆರೆದು ಹಾಕೋ! ಸೆಂಗಿಕುಗೆ ಎಲ್ಲಿದೆ ಮಚ್ಚೆ?"