ನೀರಿಗೆ ಎದೆ ಕೊಟ್ಟವನು

"ಸರ, ನೀರು ನಿಮಗೇನ್ ಮಾಡೈತ್ರಿ? ಯಾಕ ಹಂಗ ಬಡೀತೀರಿ?"

ನಮ್ಮ ಕೂಡ್ಲಿಗಿ ಆಫೀಸಿನ ಅಟೆಂಡರ್ ಹುಲಿಗೆಮ್ಮ ಹೀಗೆ ಕೇಳಿದಾಗ ನಾನು ತಂಬ್ರಹಳ್ಳಿಯ ಹಿನ್ನೀರಿನಲ್ಲಿ ಏದುಸಿರು ಬಿಡುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಬಳ್ಳಾರಿಯಲ್ಲಿ ನೌಕರರ ಕ್ರೀಡಾಕೂಟವಿತ್ತು. ಐವತ್ತು ಮೀಟರ್ ಈಜಿಗೆ ನಾನು ಹೆಸರು ಕೊಟ್ಟಿದ್ದೆ. (ನಮ್ಮೂರು ಹೊಸಹಳ್ಳಿಯ ಬಾವಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಧಿಮಾಕು ಬೇರೆ!) ಭಾನುವಾರ ಪ್ರಾಕ್ಟೀಸಿಗೆಂದು ಇಲ್ಲಿಗೆ ಬಂದರೆ, ಇದು ಹುಲಿಗೆಮ್ಮನವರ ತವರೂರು.

ಬಾವಿಯಲ್ಲಿ ಕಲಿತ ನಮಗೊಂದು ಚಾಳಿ. ತಲೆ ಎತ್ತಿಯೇ ಈಜುತ್ತೇವೆ. ಮೇಲಿಂದ ಯಾರು ಯಾವಾಗ ನೆತ್ತಿಯ ಮೇಲೆ ಜಿಗಿಯುತ್ತಾರೋ, ಯಾರಿಗೆ ಗೊತ್ತು? ತಲೆ ಮೇಲಾದರೆ ಕಾಲು ಕೆಳಗೆ. ಎದೆ ನೀರಿಗೆ ಅಡ್ಡ.

"ರಶ್ ಬಸ್ಸಿನ್ಯಾಗ ಎದಿ ಕೊಟ್ಟು ನುಗ್ಗಿದ್ರ ಯಾರ್ ಬಿಡ್ತಾರ್ರಿ? ಮಗ್ಗಲಾಗಿ ತೂರಬೇಕು. ನೀರೂ ಹಂಗ" ಎಂದ ಹುಲಿಗೆಮ್ಮ, ಸೀರೆಗೆ ಕಚ್ಚೆ ಹಾಕಿ ಇಳಿದೇಬಿಟ್ಟರು.

ಅಬ್ಬಾ! ಸದ್ದೇ ಇಲ್ಲ. ಮುಖ ನೀರೊಳಗೆ, ಮೈ ನೀರಿಗೆ ಸಮ. ಒಂದು ಕೈ ಮುಂದೆ ಚಾಚಿ, ಮಗ್ಗುಲಿಗೆ ಹೊರಳಿ, ಹಾಗೇ ಜಾರಿ ಹೋದರು. ಆಮೇಲೆ ನಿಧಾನಕ್ಕೆ ಇನ್ನೊಂದು ಕೈ. ನಾನು ನಲವತ್ತು ಸಲ ಕೈ ಬಡಿದ ದೂರ ಅವರಿಗೆ ಹದಿನೆಂಟಕ್ಕೇ ಮುಗಿದಿತ್ತು. ಚಿಕ್ಕಂದಿನಲ್ಲಿ ಎಮ್ಮೆಗಳ ಹಿಂದೆ ಈಜಿ ಕಲಿತದ್ದಂತೆ. ಇಷ್ಟು ವರ್ಷ ನನ್ನ ಟೇಬಲ್ಲಿಗೆ ಫೈಲು ತಂದಿಡುತ್ತಿದ್ದ ಕೈಗಳೇ ಇವು?

ದಂಡೆಗೆ ಬಂದವರೇ ಕೇಳಿದರು: "ಸರ, ಅಲ್ಲಿ ಹೆಂಗಸ್ರಿಗೂ ಈಜು ಐತೇನ್ರಿ? ನಂದೂ ಒಂದು ಹೆಸರು ಬರೀರಲ್ಲ."

ಕಣ್ಣಲ್ಲಿ ಎಂಥ ಆಸೆ! ಆದರೆ ಆಫೀಸಿನಿಂದ ಪಟ್ಟಿ ಕಳಿಸಿದವನು ನಾನೇ. ಮಹಿಳೆಯರ ಈಜಿನ ಮುಂದೆ 'ಯಾರೂ ಇಲ್ಲ' ಎಂದು ಬರೆದು, ಸೀಲು ಒತ್ತಿ ಆಗಲೇ ವಾರವಾಗಿತ್ತು. ಮರುದಿನ ಬಳ್ಳಾರಿಗೆ ಫೋನ್ ಮಾಡಿ ಅಂಗಲಾಚಿದೆ. ಕೊನೆಯ ದಿನ ಮುಗಿದಿದೆ, ಆಗುವುದಿಲ್ಲ ಎಂದರು.

"ಹೋಗ್ಲಿ ಬಿಡ್ರಿ ಸರ. ನೀವರ ಮುಖ ನೀರಾಗ ಇಟ್ಟು ಈಸ್ರಿ" ಎಂದರು ಹುಲಿಗೆಮ್ಮ.

ಇಟ್ಟೆ. ಬಳ್ಳಾರಿಯಲ್ಲಿ ಎರಡನೆಯವನಾಗಿ ದಡ ಮುಟ್ಟಿದೆ! ಫೋಟೋ, ಹಾರ, ಸರ್ಟಿಫಿಕೇಟ್ ಎಲ್ಲ ಸಿಕ್ಕವು. ಸೋಮವಾರ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಅವರೇ. ಪೇಡೆ ತಂದು ಟೇಬಲ್ ಟೇಬಲ್ಲಿಗೂ ಹಂಚಿದರು. ನನ್ನ ಪೇಡೆ ಮಾತ್ರ ಟೇಬಲ್ಲಿನ ಮೇಲೇ ಉಳಿಯಿತು.

ದಿನಕ್ಕೆ ಹತ್ತು ಸಲ ಎದುರಿಗೆ ಬರುತ್ತಿದ್ದ ಆಕೆಯನ್ನು 'ನಿಮಗೆ ಈಜು ಬರುತ್ತಾ?' ಎಂದು ಕೇಳಲು ನನಗೆ ಎಷ್ಟು ಹೊತ್ತು ಬೇಕಿತ್ತು?