ಮೊಣಕೈ ಕೆಳಗಿನ ಕಂಬಳಿ

ಸವಿತಾ, ಕಂಬಳಿ ಕತ್ತರಿಸಿದವಳು ನಾನು. ಮನೆದೇವರ ಗದ್ದುಗೆಗೆ ಹಾಸುತ್ತಿದ್ದ ಆ ಕರಿಕಂಬಳಿಯಿಂದ ಗೇಣಗಲದ ಪಟ್ಟಿ ಕತ್ತರಿಸಿ, ನಾಲ್ಕು ಮಡಿಕೆ ಹಾಕಿ, ನಿನ್ನ ಭಾವನ ಕಾರಿನ ಬಾಗಿಲಿಗೆ ಕಟ್ಟಿದವಳು ನಾನು. ನೀನಲ್ಲ. ಈ ಮಾತನ್ನು ಒಂಬತ್ತು ವರ್ಷದ ಹಿಂದೆ, ನಡುಮನೆಯಲ್ಲಿ, ನೆಂಟರಿಷ್ಟರ ಎದುರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಒಂದೇ ಮನೆಯಲ್ಲಿರುವ ಓರಗಿತ್ತಿ ಯಾಕೆ ಬರೆಯುತ್ತಾಳೆ ಅಂದುಕೊಳ್ಳಬಹುದು. ಎದುರಿಗೆ ಬಂದು ಬಾಯಿ ತೆರೆದರೆ ನೀನು "ಬಿಡಿ ಅಕ್ಕ" ಅಂದುಬಿಡುತ್ತೀಯ – ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ಕತ್ತರಿಸಿದ್ದಕ್ಕೆ ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಯಾರು ಏನೇ ಅಂದುಕೊಳ್ಳಲಿ, ದೇವರೇ ಎದ್ದು ಬಂದು ಕೇಳಲಿ, ನಾಳೆ ಮತ್ತೆ ಅಂಥ ಹೊತ್ತು ಬಂದರೆ ಮತ್ತೆ ಕತ್ತರಿಸುತ್ತೇನೆ. ನನ್ನ ತಪ್ಪು ಕಂಬಳಿಯಲ್ಲಿಲ್ಲ.

ನಿನಗೆ ನೆನಪಿರಬೇಕು, ಆಗ ನಿನ್ನ ಭಾವ ಕಡೂರು ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಹತ್ತಿಸಿಕೊಂಡು ತರೀಕೆರೆ ಮೇಲೆ ಕೆಮ್ಮಣ್ಣುಗುಂಡಿಗೆ ಹೋಗಿಬರುತ್ತಿದ್ದರು. ಕಾರಿನ ಬಾಗಿಲ ಒಳಮೈಗೆ ಕೈ ಊರಲೆಂದು ಒಂದು ಪಟ್ಟಿ ಮಾಡಿರುತ್ತಾರಲ್ಲ – ಹೆಸರಿಗೆ ಆರ್ಮ್‌ರೆಸ್ಟು, ಮುಟ್ಟಿದರೆ ಕಲ್ಲು. ಗಾಜು ಏರಿಸುವ ಸ್ವಿಚ್ಚಿನ ಅಂಚು ಸರಿಯಾಗಿ ಮೊಣಕೈ ಮೂಳೆಗೇ ಒತ್ತುತ್ತಿತ್ತು. ಘಾಟಿಯ ತಿರುವು ತಿರುವಿಗೂ ಒಂದೊಂದು ಕುಟ್ಟು. ಬಲಗೈ ಮೊಣಕೈ ನಿಂಬೆಹಣ್ಣಿನಷ್ಟು ಊದಿಕೊಂಡಿತು. ಡಾಕ್ಟರು ಸೂಜಿ ಹಾಕಿ ನೀರು ತೆಗೆದರು, ಗಟ್ಟಿ ಜಾಗಕ್ಕೆ ಕೈ ಊರಬೇಡಿ ಅಂದರು. "ಡ್ರೈವರು ಕೈನ ತಲೆ ಮೇಲೆ ಇಟ್ಕೊಳ್ಳೋಕಾಗ್ತದಾ" ಎಂದು ನಗುತ್ತಾ ಬಂದರು ಇವರು. ಮತ್ತೆ ನೀರು ತುಂಬಿಕೊಂಡಿತು. ಕೊನೆಗೆ ಕೈ ಮಡಚಲಾಗದೆ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಉಂಡರು. ಮುದ್ದೆ ನುಂಗುವ ಗಂಡಸು, ಚಮಚ ಹಿಡಿದು – ನನಗೆ ನೋಡಲಾಗಲಿಲ್ಲ.

ಮಾಡದ ಉಪಾಯವಿಲ್ಲ. ಮೊದಲು ಟವೆಲು ಸುತ್ತಿದೆ. ಅದು ಜಾರಿ ಬಾಗಿಲಿನ ಹಿಡಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕಡೂರಿನ ಸೀಟು ಹೊಲಿಯುವ ಅಂಗಡಿಯವನು ಸ್ಪಂಜಿಟ್ಟು ಮೇಲೆ ರೆಕ್ಸಿನ್ ಹೊದಿಸಿಕೊಟ್ಟ. ಬಿಸಿಲಿಗೆ ರೆಕ್ಸಿನ್ ಕಾದು ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು, ಸ್ಪಂಜು ತಿಂಗಳೊಳಗೆ ಹಪ್ಪಳದ ಹಾಗೆ ತೆಳ್ಳಗಾಯಿತು. ಗಾಡಿ ಮಾರಿಬಿಡಿ ಅಂದೆ. ಮಾರಿ ಏನು ಮಾಡಲಿ ಅಂದರು. ಸ್ಟಿಯರಿಂಗ್ ಹಿಡಿಯದೆ ಕೂರುವ ಆಸಾಮಿ ಅವರಲ್ಲ, ನಿನಗೂ ಗೊತ್ತು.

ಒಂದು ದಿನ ಅತ್ತೆ ದೇವರ ಕಂಬಳಿಯನ್ನು ಬಿಸಿಲಿಗೆ ಹಾಕಲು ಹೇಳಿದ್ದರು. ಹಿತ್ತಿಲ ಕಟ್ಟೆಯ ಮೇಲೆ ಮಡಿಸಿಟ್ಟು, ಪಕ್ಕದಲ್ಲೇ ಕೂತು, ಯಾವುದೋ ಯೋಚನೆಯಲ್ಲಿ ಅದರ ಮೇಲೆ ಮೊಣಕೈ ಊರಿದೆ. ಊರಿದವಳು ಹಾಗೇ ಇದ್ದೆ. ಹೊಸ ಕಂಬಳಿ ಮುಳ್ಳಿನ ಹಾಗೆ ಚುಚ್ಚುತ್ತದೆ, ಆದರೆ ಇದು ಮಾವನವರ ಅಪ್ಪನ ಕಾಲದ್ದು, ಸವೆದೂ ಸವೆದೂ ಮೆತ್ತಗಾಗಿತ್ತು. ಕಾಯುವುದಿಲ್ಲ, ಬೆವರು ಹೀರುತ್ತದೆ, ಒತ್ತಿದರೆ ಮತ್ತೆ ಎದ್ದು ಬರುತ್ತದೆ. ಬೇರೆ ಹಳೇ ಕಂಬಳಿ ಹುಡುಕಬಹುದಿತ್ತಲ್ಲ ಎನ್ನುತ್ತೀಯಾ? ಹುಡುಕಬಹುದಿತ್ತು. ಹೊಲಕ್ಕೆ ಹೋಗುವವರೆಲ್ಲ ಪ್ಲಾಸ್ಟಿಕ್ ಹಾಳೆ ಹೊದೆಯುವ ಈ ಕಾಲದಲ್ಲಿ ಯಾರ ಮನೆಯಲ್ಲಿ ಸಿಗುತ್ತಿತ್ತೋ... ಆದರೆ ನಾನು ಹುಡುಕಲೇ ಇಲ್ಲ. ವರ್ಷಕ್ಕೆ ಎರಡು ಸಲ ಕೂರುವ ದೇವರಿಗೆ ಮೆತ್ತಗಿನ ಹಾಸಿಗೆ ಬೇಕು, ದಿನವೂ ದುಡಿಯುವ ಮೊಣಕೈಗೆ ಬೇಡವೇ ಎಂದು ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ನಿನ್ನ ಕೋಣೆಗೆ ಬಂದು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೇಳಿದೆ. ನೀನು ಬ್ಲೌಸು ಹೊಲಿಯುತ್ತಿದ್ದೆ. ಯಾಕೆ ಎಂದೂ ಕೇಳದೆ ಕೊಟ್ಟೆ. ಒಳಮಡಿಕೆಯ ಕಡೆಯಿಂದ ಪಟ್ಟಿ ಕತ್ತರಿಸಿಕೊಂಡು, ಅಂಚು ಮಡಿಚಿ ಹೊಲಿದೆ. ಅವರ ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಗೌಸು ಮಾಡಿ, ಸ್ವಿಚ್ಚಿಗೆ ಜಾಗ ಬಿಟ್ಟು, ಎಲಾಸ್ಟಿಕ್ ಹಾಕಿ ಬಾಗಿಲಿಗೆ ಬಿಗಿದೆ. ಒಳಗೆ ಏನಿದೆ ಎಂದು ಅವರಿಗೂ ಹೇಳಲಿಲ್ಲ. ಕೆಲವೇ ವಾರದಲ್ಲಿ ಊತ ಇಳಿಯಿತು. ಬಲಗೈಯಲ್ಲಿ ಮುದ್ದೆ ಮುರಿದು ಉಂಡರು. ಆವತ್ತು ನನಗಾದ ಸಂತೋಷವನ್ನು ಈಗಲೂ ಯಾರಿಗೂ ಬಿಟ್ಟುಕೊಡುವುದಿಲ್ಲ.

ಆಮೇಲೆ ಪೂಜೆ ಬಂತು. ಮಡಿಕೆಯಲ್ಲೇ ಹಾಸಿದರೆ ಗೊತ್ತಾಗುವುದಿಲ್ಲ ಎಂದು ನಾನು ಎಣಿಸಿದ್ದೆ. ಆ ವರ್ಷ ಅಜ್ಜಂಪುರದ ನೆಂಟರು ಹೆಚ್ಚು ಬಂದಿದ್ದರಿಂದ ಅತ್ತೆ ದೊಡ್ಡ ಗದ್ದುಗೆ ಮಾಡೋಣ ಎಂದು ಕಂಬಳಿಯನ್ನು ಪೂರ್ತಿ ಬಿಡಿಸಿದರು.

"ದೇವರ ಕಂಬಳಿಗೆ ಕತ್ತರಿ ಹಾಕ್ದೋರು ಯಾರೇ?" ಎಂದರು ಅತ್ತೆ. "ಈ ಮನೇಲಿ ಅಂಥ ಕತ್ತರಿ ಇರೋದು ಒಬ್ಬಳ ಹತ್ರ." ನೆಂಟರಲ್ಲಿ ಯಾರೋ ಹೆಂಗಸು, "ಮಿಷಿನ್ ಕಾಲಡಿಗೆ ಹಾಕ್ಕೊಂಡಿರ್ತಾಳೆ ಬಿಡಿ" ಅಂದಳು.

ನೀನು ನನ್ನ ಮುಖ ನೋಡಿದೆ. ಒಂದೇ ಸಲ. "ನಾನಲ್ಲ ಅತ್ತೆ" ಅಂದೆ. ಕತ್ತರಿ ಅಕ್ಕ ತಗೊಂಡಿದ್ರು ಎನ್ನಲಿಲ್ಲ. ನಾನೇ ಹೇಳಲಿ ಎಂದು ಕಾದೆಯೋ, ನನ್ನ ಮಾನ ಉಳಿಸಿದೆಯೋ – ಅದನ್ನು ಕೇಳುವ ಮುಖ ನನಗಿಲ್ಲ.

"ಇನ್ಮೇಲೆ ದೇವರ ಕೆಲಸಕ್ಕೆ ನೀನು ಕೈ ಹಾಕ್ಬೇಡ. ಹೊಸಲು ಆಚೆಗೇ ಇರು" ಎಂದರು ಅತ್ತೆ. ಕತ್ತರಿ ಬಿದ್ದು ಭಿನ್ನವಾದ ಕಂಬಳಿ ಬೇಡವೆಂದು ಹೊಸದೊಂದನ್ನು ತರಿಸಿದರು. ನೀನು ಹೊಸಲಿನ ಆಚೆಗೇ ಉಳಿದೆ.

ನಾನು ಯಾಕೆ ಸುಮ್ಮನಿದ್ದೆ? ಹೇಳಿದರೆ ಆ ಗೌಸನ್ನು ಕಿತ್ತುಹಾಕುತ್ತಾರೆ, ಇವರ ಕೈ ಮತ್ತೆ ಊದುತ್ತದೆ ಎಂದು ಹೆದರಿದೆ – ಇದು ನಿಜ, ಆದರೆ ಪೂರ್ತಿ ನಿಜವಲ್ಲ. ಅಷ್ಟೇ ಆಗಿದ್ದರೆ ಮರುವರ್ಷ ಹೇಳಬಹುದಿತ್ತು. ನೀನು ಬಂದ ಮೇಲೆ ಅತ್ತೆ ಗದ್ದುಗೆಯ ಕೆಲಸಕ್ಕೆ ನಿನ್ನನ್ನೇ ಕರೆಯತೊಡಗಿದ್ದರು. ಕಂಬಳಿಯ ಮೇಲೆ ಅಕ್ಕಿಯಲ್ಲಿ ರಂಗೋಲಿಯ ಎಳೆ ಬಿಡುವ ನಿನ್ನ ಕೈ ಚೆಂದ ಎಂದು ಊರವರೆಲ್ಲ ಹೊಗಳುತ್ತಿದ್ದರು. ನೀನು ಆಚೆ ನಿಂತ ದಿನ ಆ ಮರ್ಯಾದೆ ನನಗೆ ವಾಪಸು ಬಂತು. ನನಗದು ಬೇಕಿತ್ತು, ಸವಿತಾ. ನಿನ್ನ ಮಗಳು ಸಿಂಚನಳ ಕೂದಲನ್ನು ದೇವರಿಗೆ ಕೊಟ್ಟ ದಿನವೂ ಗದ್ದುಗೆ ಹಾಸಿದ್ದು ನಾನೇ; ಹೆತ್ತವಳು ನೀನು, ಹೊಸಲಾಚೆ ನಿಂತು ಕೈಮುಗಿದೆ. ನಾನು ನೋಡಿದೆ, ನೋಡಿ ಅಕ್ಕಿ ಹರಡಿದೆ. ದೇವರಿಗೆ ಮೋಸ ಮಾಡಿದೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನಿನಗೆ ಮಾಡಿದೆ.

ಮೊನ್ನೆ ಸಿಂಚನ ಕೇಳಿದಳು, "ದೊಡ್ಡಮ್ಮ, ಪೂಜೆ ಟೈಮಲ್ಲಿ ನಮ್ಮಮ್ಮ ಯಾಕೆ ಒಳಗೆ ಬರಲ್ಲ?"

"ನಿಮ್ಮಮ್ಮಂಗೆ ಆಗ್ಬರಲ್ಲ ಕಣಮ್ಮ" ಅಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ನಂಗೂ ಆಗ್ಬರಲ್ವಾ?" ಎಂದಳು.

ನಿನ್ನ ಮೇಲೆ ಹೊರಿಸಿದ್ದು ಮಗುವಿನ ತಲೆಗೂ ಇಳಿಯುತ್ತಿದೆ – ಇದನ್ನು ನೋಡಿಕೊಂಡು ಹೇಗೆ ಊಟ ಮಾಡಲಿ.

ಮೊದಲು ನಿನ್ನ ಭಾವನಿಗೆ ಹೇಳಿದೆ, ಗಾಡಿಯಲ್ಲಿ ಪಕ್ಕದಲ್ಲಿ ಕೂತು. ತಟಕ್ಕನೆ ಬಾಗಿಲಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇಡಿ ಅಲ್ಲೇ, ಇಷ್ಟು ವರ್ಷ ಸುಟ್ಟಿಲ್ಲವಲ್ಲ" ಅಂದೆ. ಇಡಲಿಲ್ಲ. "ಸವಿತಂಗೆ ಹೇಳಿದ್ಯಾ?" ಎಂದಷ್ಟೇ ಕೇಳಿದರು.

ಅತ್ತೆಗೆ ನಿನ್ನೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅದು ಇನ್ನೂ ಕೆಟ್ಟದ್ದಾಯಿತು. "ಈಗ ಹೇಳಿ ಏನಾಗ್ಬೇಕೇ? ಅವಳನ್ನ ಒಳಗೆ ಕರೆದ್ರೆ ನೆಂಟರಿಗೆಲ್ಲ ಏನಂತ ಹೇಳ್ಲಿ? ಬಾಯ್ಮುಚ್ಕೊಂಡು ಸೋಮವಾರ ಪೂಜೆಗೆ ಗದ್ದುಗೆ ಹಾಸು" ಎಂದರು.

"ಹಾಸಲ್ಲ ಅತ್ತೆ" ಅಂದೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರಾಡಿದ್ದು ಇದೇ ಮೊದಲು. ಮಾತು ಹಿಂತೆಗೆದುಕೊಳ್ಳಲಿಲ್ಲ.

ಸೋಮವಾರ ನೆಂಟರೆಲ್ಲ ಬಂದು ಕೂತ ಮೇಲೆ, ಆವತ್ತು ಮಿಷಿನ್ ಕಾಲಿನ ಮಾತಾಡಿದ ಹೆಂಗಸೂ ಬಂದು ಕೂತ ಮೇಲೆ, ಇಲ್ಲಿ ಬರೆದದ್ದನ್ನೇ ಬಾಯಿಬಿಟ್ಟು ಹೇಳುತ್ತೇನೆ. ನನ್ನನ್ನು ಹೊಸಲಾಚೆ ನಿಲ್ಲಿಸಿದರೆ ನಿಲ್ಲುತ್ತೇನೆ. ಕಂಬಳಿಗಾಗಿ ತಪ್ಪುಕಾಣಿಕೆ ಹಾಕು ಎಂದರೆ ಮಾತ್ರ ಹಾಕುವುದಿಲ್ಲ.

ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಆವತ್ತು ಕತ್ತರಿ ಕೊಟ್ಟ ಹಾಗೆ. ಕೊಡಬೇಡ. ನಿನಗೆ ಇಷ್ಟವಿದ್ದರೆ ಒಳಗೆ ಬಂದು ಕಂಬಳಿ ಹಾಸು. ಇಷ್ಟವಿಲ್ಲದಿದ್ದರೆ ನಿನ್ನ ಕೋಣೆಯಲ್ಲೇ ಕೂತಿರು. ಅತ್ತೆ ಕರೆದರೂ, ನಾನೇ ಬಂದು ಕರೆದರೂ ಏಳಬೇಡ. ನೀನು ಹಾಸದ ಹೊರತು ಈ ಮನೆಯಲ್ಲಿ ಇನ್ನು ಗದ್ದುಗೆ ಇಲ್ಲ. ದೇವರು ಬರಿನೆಲದ ಮೇಲೆ ಕೂರಲಿ.