ಡ್ರಾಯಿಂಗ್ ಸರ್ ಮತ್ತು ಕಿಟಕಿ ಪಕ್ಕದ ಜಾಗ

ತಿಕೋಟಾದಿಂದ ಬಂದ ಒಣದ್ರಾಕ್ಷಿಯ ಚೀಲ ಬಿಚ್ಚಿದೆ. ಗಂಧಕದ ಘಾಟು ಮೂಗಿಗೆ ಬಡಿಯಿತು. ಅಲ್ಲಿನ ನಮ್ಮ ಶಾಲೆಯ ಹಿಂದೆಯೇ ದ್ರಾಕ್ಷಿಗೆ ಗಂಧಕದ ಹೊಗೆ ಹಾಕಿ ಒಣಗಿಸುವ ಶೆಡ್ಡು ಇತ್ತು. ಆ ವಾಸನೆ ಬಂದರೆ ಡ್ರಾಯಿಂಗ್ ಸರ್ ನೆನಪಾಗದೆ ಇರುವುದಿಲ್ಲ...

ಸರ್ ಬರೀ ಚಿತ್ರ ಬರೆಸುವವರಲ್ಲ. ತಾವೇ ಬರೆದ, ಬಾಗಿಲು ಮುಚ್ಚಿದ ಒಂದು ಮನೆಯ ಚಿತ್ರವನ್ನು ಗೋಡೆಗೆ ತೂಗುಹಾಕಿ ನಮ್ಮನ್ನು ಮಾತಿಗೆಳೆಯುತ್ತಿದ್ದರು. “ಚಂದ ಐತಿ ಅನ್ನಬ್ಯಾಡ್ರಿ. ಏನ ಕಾಣತೈತಿ, ಅದನ್ನ ಹೇಳ್ರಿ.” ಯಾರು ಏನು ಹೇಳಿದರೂ ಅದನ್ನು ತಾವು ಇನ್ನೊಮ್ಮೆ ಹೇಳುತ್ತಿದ್ದರು.

ಬಬಲೇಶ್ವರದಿಂದ ಬಂದು ಸೇರಿದ ಮೊದಲ ದಿನ ನಾನು ಕಿಟಕಿ ಪಕ್ಕದ ಖಾಲಿ ಜಾಗದಲ್ಲಿ ಕೂತೆ. ಪಕ್ಕದ ಹುಡುಗಿ ತೋಳು ಹಿಡಿದು ಎಳೆದಳು. “ಅಲ್ಲಿ ಕುಂಡ್ರಬ್ಯಾಡ. ಅದು ಸರ್ ಮಗಳ ಜಾಗಾ. ಹೋದ ಬ್ಯಾಸಗ್ಯಾಗ ಜ್ವರಾ ಬಂದು ಸತ್ತಾಳ.”

ಅವತ್ತು ಸರ್ ಎಲ್ಲರನ್ನೂ ಕೇಳುತ್ತ ಬಂದು ಆ ಖಾಲಿ ಜಾಗದ ಮುಂದೆ ನಿಂತರು. ಕಿವಿಗೊಟ್ಟರು. ತಲೆಯಾಡಿಸಿದರು. “ಬಾಗಲಕ್ಕ ಒಳಗಿಂದ ಚಿಲಕಾ ಹಾಕ್ಯಾರ ಅಂತಾಳ. ಯಾರರ ಬ್ಯಾರೆ ಹೇಳ್ತೀರೇನು?” ಒಬ್ಬ ಹುಡುಗ ಎದ್ದು, “ಇಲ್ರೀ ಸರ್, ಆಕಿ ತಪ್ಪ ಹೇಳಾಕತ್ತಾಳ. ಹೊರಗ ಕೀಲಿ ಐತಿ,” ಎಂದು ವಾದಕ್ಕೇ ಇಳಿದ! ಯಾರೂ ನಗಲಿಲ್ಲ. ಇದೆಂಥ ಶಾಲೆಗೆ ತಂದು ಹಾಕಿದರಪ್ಪಾ ಎಂದುಕೊಂಡೆ. ಬರಬರುತ್ತ ನಾನೂ ಆಕೆಯ ಸರದಿ ಬಂದಾಗ ಸುಮ್ಮನೆ ಕಾಯತೊಡಗಿದೆ.

ಒಂದು ದಿನ ಸರ್ ಅಲ್ಲಿ ನಿಂತವರು ನಿಂತೇ ಇದ್ದರು... “ಇವತ್ತ ಮಾತಾಡವಲ್ಲಳು,” ಎಂದರು. ಆಮೇಲೆ ನಮ್ಮ ಕಡೆ ತಿರುಗಿ, ಬೇಡುವವರ ಹಾಗೆ, “ನಿಮಗ್ಯಾರಿಗರ ಕೇಳಸ್ತೇನ್ರೋ?” ಎಂದರು. ಮಗಳು ಹೋದಳು, ಈಗ ದನಿಯೂ ಹೋಯಿತೆಂಬ ಭಯ ಅವರಿಗೆ.

ನನ್ನ ಕಿವಿಯ ಹತ್ತಿರ ಯಾರೋ ಉಸಿರು ಬಿಟ್ಟಂತಾಯಿತು. ಎದ್ದು ನಿಂತೆ. “ಬಾಗಲಾ ತಗದೇನಿ ಅಂತಾಳ್ರಿ ಸರ್.”

ಸರ್ ಚಿತ್ರವನ್ನು ನೋಡಿದರು. ಆ ಖಾಲಿ ಜಾಗದಲ್ಲಿ ಕುಸಿದು ಕೂತು, ನಮ್ಮೆಲ್ಲರ ಎದುರೇ ಬಿಕ್ಕಿ ಬಿಕ್ಕಿ ಅತ್ತರು. ಮರುದಿನ ನನ್ನನ್ನು ಕರೆದು ಮೆಲ್ಲಗೆ, “ದನಿ ಹ್ಯಾಂಗಿತ್ತವಾ?” ಎಂದು ಕೇಳಿದರು.

“ನೆಗಡಿ ಆದವರಂಗ ಇತ್ರಿ.”

“ಹೌದು. ಆಕೀದೇ,” ಎಂದರು. ಮತ್ತೆಂದೂ ಅವರು ಆ ಜಾಗದ ಮುಂದೆ ನಿಲ್ಲಲಿಲ್ಲ.

ಸರ್ ತೀರಿಕೊಂಡರೆಂದು ಮೊನ್ನೆ ತಿಕೋಟಾದವರು ಹೇಳಿದರು. ಈಗ ನಾನಿರುವ, ಗಾಂಧಿ ಚೌಕದ ಹಿಂದಿನ ಈ ಮನೆಯಲ್ಲಿ ಈ ಕತೆ ಹೇಳಿದಾಗೆಲ್ಲ, ಸರ್ ಸಮಾಧಾನಕ್ಕೆ ನೀನೇ ಕಟ್ಟಿ ಹೇಳಿರಬೇಕು ಎನ್ನುತ್ತಾರೆ ಮನೆಯವರು. ನಾನೂ ಹೂಂ ಅಂದುಬಿಡುತ್ತೇನೆ. ಆದರೆ ಸುದ್ದಿ ಕೇಳಿದಂದಿನಿಂದ ಜೀವಕ್ಕೆ ಸಮಾಧಾನವಿಲ್ಲ. ಆ ದನಿ ನನಗೆ ನಿಜವಾಗಿ ಕೇಳಿತ್ತೆಂದು ನಂಬಿದ್ದವರು ಅವರೊಬ್ಬರೇ...